ಕತ್ತಲಲ್ಲಿ ಹೂಂಗುಟ್ಟಿದ ರಂಗಸ್ವಾಮಿ

ಎಲ್ಲಕ್ಕೂ ಕಾರಣ ಡಾಕ್ಟರು ಹೇಳಿದ ಎರಡು ಮಾತು. "ನಾಳೆ ಸಂಜೆವರೆಗೂ ಇವರ ಮೈಮೇಲೆ ಜೋರು ಬೆಳಕು ಬೀಳಬಾರದು. ಎರಡು ತಿಂಗಳು ಭಾರದ ಕೆಲಸ ಕೂಡದು."

ತೆರಕಣಾಂಬಿಯ ರಂಗಸ್ವಾಮಿಯ ಹೆಂಡತಿ ಮಂಗಳಗೌರಿಯ ಹೊಟ್ಟೆಯೊಳಗೆ ಕ್ಯಾನ್ಸರ್ ಗಡ್ಡೆಯಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಅವಳಿಗೆ ಮೊದಲೇ ಒಂದು ಔಷಧಿ ಕುಡಿಸಿ ಆಪರೇಷನ್ ಮಾಡಿದರು. ನೀಲಿ ದೀಪ ಹಿಡಿದರೆ ಕೆಟ್ಟ ಮಾಂಸವಷ್ಟೇ ಬೂದಿಯಡಿಯ ಕೆಂಡದಂತೆ ಹೊಳೆಯುತ್ತದಂತೆ. ಹೊಳೆದದ್ದನ್ನೆಲ್ಲ ಹುಡುಕಿ ತೆಗೆದರು. ಆದರೆ ಆ ಔಷಧಿ ಮೈಯಿಂದ ಇಳಿಯುವ ತನಕ ಬೆಳಕು ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ.

ನರ್ಸ್ ಭಾನು ಪರದೆ ಎಳೆದು ಇಷ್ಟು ಸಾಕು ಎಂದಳು. ರಂಗಸ್ವಾಮಿ ಕೇಳಬೇಕಲ್ಲ. ಕಿಟಕಿಗೆ ಕಂಬಳಿ ಕಟ್ಟಿದ, ಬಾಗಿಲ ಸಂದಿಗೆ ಪಂಚೆ ತುರುಕಿದ, ಸ್ವಿಚ್ಚಿನ ಕೆಂಪು ಚುಕ್ಕಿಗೂ ಪ್ಲಾಸ್ಟರ್ ಅಂಟಿಸಿದ. ಕೋಣೆ ರಾಕ್ಷಸನ ಹೊಟ್ಟೆಯಂತಾಯಿತು.

"ಬೆಳಕಿಂದು ಆಯ್ತು. ಆ ಎರಡು ತಿಂಗ್ಳು ಮನೆ ಕೆಲ್ಸ ಯಾರ್ ಮಾಡದು?" ಎಂದಳು ಗೌರಿ.

"ನೋಡನ ಬುಡು."

ಮರುದಿನ ಬೆಳಗ್ಗೆಯೇ ಊರಿಂದ ಪಕ್ಕದ ಮನೆಯ ಮಲ್ಲೇಶ್ ಎಳನೀರು ತಂದಿಟ್ಟು ಮೊಬೈಲ್ ಟಾರ್ಚಿಗೆ ಕೈ ಹಾಕಿದ. "ಮಕ ನೋಡ್ದೆ ಹೆಂಗ್ ಓಗದು ಕಣ್ಲಾ? ಊರಲ್ಲಿ ಕೇಳ್ದೋರ್ಗೆ ಏನ್ ಹೇಳನ?" ರಂಗಸ್ವಾಮಿ ಹದ್ದಿನಂತೆ ಮೇಲೆರಗಿದ. ಮೊಬೈಲ್ ಮಂಚದಡಿ, ಮಲ್ಲೇಶ್ ಎಳನೀರಿನ ಮೇಲೆ.

ಮಧ್ಯಾಹ್ನ ಭಾನು ಗೌರಿಯನ್ನು ಮೆಲ್ಲಗೆ ಬಾತ್‌ರೂಮಿಗೆ ನಡೆಸಿಕೊಂಡು ಹೋದಳು. ಮೂರು ದಿನದಿಂದ ನಿದ್ದೆಗೆಟ್ಟಿದ್ದ ರಂಗಸ್ವಾಮಿ, ದಿಂಬು ಸರಿಮಾಡಲೆಂದು ಮಂಚದ ಮೇಲೆ ಕೂತವನು ಹಾಗೇ ಒರಗಿದ.

ಎಚ್ಚರವಾದಾಗ ಕೆನ್ನೆಯ ಮೇಲೆ ಒರಟು ಅಂಗೈಗಳು. ಕೆನ್ನೆ ಸವರಿ ಲಟಲಟನೆ ನೆಟಿಗೆ ಮುರಿದ ಸದ್ದು. ಗೌರಿಯ ದೊಡ್ಡಮ್ಮ, ಹರದನಹಳ್ಳಿಯ ಮಾದಮ್ಮ! ಜೊತೆಗೆ ಅವರ ತಂಗಿ ಚಿಕ್ಕನಿಂಗಮ್ಮ. ರೋಗಿಯ ಮಂಚದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದನೆಂದರೆ ಬೇಗೂರಿನವರೆಗೂ ಮಾನ ಹೋಗುತ್ತದೆ. ಅವನು ಉಸಿರು ಬಿಗಿಹಿಡಿದ.

"ನಿಂಗಿ, ಗೌರಿಗೆ ಮೀಸೆ ಬಂದದೆ ಕಣಮ್ಮಿ."

"ಔಷ್ದಿ ಹೀಟು ಕಣಕ್ಕ. ಬಂದ್ರೆ ಬರ್ಲಿ, ಜೀವ ಉಳೀತಲ್ಲ."

ಗಂಜಿಯ ಚಮಚ ಮೊದಲು ಅವನ ಮೂಗಿಗೆ, ಆಮೇಲೆ ಬಾಯಿಗೆ ಬಂತು.

"ಗೌರಿ, ಎರಡು ತಿಂಗ್ಳು ಕೊಡ ಎತ್ತಕೂಡ್ದು. ಆಯ್ತಾ?"

"ಹೂಂ" ಎಂದ ಅವನು, ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ.

"ಹಸ ಕರೆಯದು, ಬಟ್ಟೆ ಒಗಿಯದು, ಮುದ್ದೆ ತಿರುವದು, ಎಲ್ಲಾ ನಿನ್ ಗಂಡನ ಕೈಲೇ ಮಾಡುಸ್ಬೇಕು."

ಅವನು ತಡವರಿಸಿದ. ಚಮಚ ಮತ್ತೆ ಮೂಗಿನತ್ತ ಬಂತು.

"ಹೂಂ."

"ನಿಂಗಿ, ನರ್ಸಮ್ಮನ ತಾವ ಒಂದು ಬ್ಲೇಡ್ ಈಸ್ಕಂಬಾ. ಈ ಮೀಸೆ ಬೋಳುಸ್ಬುಡನ."

"ಮೀಸೆ ಒಂದು ಬ್ಯಾಡ ದೊಡ್ಡಮ್ಮ," ಎಂದು ರಂಗಸ್ವಾಮಿ ತನ್ನ ಸ್ವಂತ ದನಿಯಲ್ಲೇ ಎದ್ದು ಕೂತ.

ಮೂಲೆಯ ಕುರ್ಚಿಯಿಂದ ಕಿಸಕ್ಕನೆ ನಗು ಬಂತು. ಗೌರಿ ಹಿಂದಿರುಗಿ ಬಂದು ಅರ್ಧ ಗಂಟೆಯಾಗಿತ್ತು. ಗಂಡನನ್ನು ಎಬ್ಬಿಸಲು ಮನಸ್ಸಾಗದೆ ದಿಂಬಿಗೊರಗಿ ಕೂತಿದ್ದವಳು, ಮಂಚದಲ್ಲಿ ಮಲಗಿರುವುದು ಗಂಡನೆಂದು ಭಾನುವಿನ ಕೈಲಿ ಬಾಗಿಲಲ್ಲೇ ದೊಡ್ಡಮ್ಮಂದಿರ ಕಿವಿಗೆ ಹಾಕಿಸಿದ್ದಳು.

"ನಗುಸ್ಬೇಡ ದೊಡ್ಡಮ್ಮ, ಹೊಲಿಗೆ ಎಳೀತದೆ. ಮೀಸೆ ಇರ್ಲಿ ಬುಡು. ಮಿಕ್ಕಿದ್ದಕ್ಕೆಲ್ಲಾ ಹೂಂ ಅಂದವ್ರೆ."

"ನಾನೂ ಕೇಳಿಸ್ಕೊಂಡೆ," ಎಂದಳು ಭಾನು.

"ಇಲ್ಲಿ ಕೇಳು ಮಗ," ಎಂದು ಮಾದಮ್ಮ ಅವನ ಪಕ್ಕ ಮಂಚದ ಮೇಲೇ ಕೂತರು. "ಮುದ್ದೆಗೆ ಮೊದ್ಲು ಎಸರು ಚೆನ್ನಾಗ್ ಮರಳ್ಬೇಕು. ಹಿಟ್ಟು ಹಾಕದು ಆಮೇಲೆ."