ಮೇಷ್ಟ್ರ ಚಾರ್ಟು, ಕೆರೆಯ ಕಾಯಿ

ಎಲ್ಲ ಅವಾಂತರಕ್ಕೂ ಮೂಲ ನೀರಲ್ಲಿ ತೇಲುತ್ತಿದ್ದ ಒಂದು ಒಣ ತೆಂಗಿನಕಾಯಿ.

ಪಿ.ಟಿ. ಮೇಷ್ಟ್ರು ಪರಮೇಶ್ ಬೆಂಗಳೂರಿನಲ್ಲಿ ಹತ್ತು ದಿನ ಈಜಿನ ತರಬೇತಿ ಮುಗಿಸಿ, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ದಬ್ಬೇಘಟ್ಟದಲ್ಲಿ ಬಸ್ಸಿಳಿದಾಗ ನಾಯಿಗಳೂ ಎದ್ದು ದಾರಿ ಬಿಟ್ಟವು. ಗೆಲ್ಲುವುದು ತೋಳಲ್ಲ, ಲೆಕ್ಕ ಎಂಬುದು ಅವರ ಹೊಸ ಮಂತ್ರ. ಹಾರಲು ಎಷ್ಟು ಸೆಕೆಂಡು, ತಿರುಗಲು ಎಷ್ಟು, ಹೋಗಿ ಬರಲು ಎಷ್ಟು ಸಲ ಕೈ ಬೀಸಬೇಕು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು ತಿದ್ದಿದರೆ ಎಮ್ಮೆಯನ್ನೂ ಗೆಲ್ಲಿಸಬಹುದಂತೆ. ಇಷ್ಟೆಲ್ಲ ಗೊತ್ತಿದ್ದವರಿಗೆ ಈಜು ಮಾತ್ರ ಬರುತ್ತಿರಲಿಲ್ಲ. ಬಚ್ಚಲಿಗೂ ಗೋಡೆ ಹಿಡಿದೇ ಹೋಗುವ ಆಸಾಮಿ.

ಹಾಗಾಗಿ ಊರ ಕೆರೆಯ ದಡದಲ್ಲೇ ನಿಂತು ಒಂದು ಉಪಾಯ ಮಾಡಿದರು. ಐವತ್ತು ಮೀಟರ್ ನಾರಿನ ಹಗ್ಗದ ಒಂದು ತುದಿ ನೀರಂಚಿನ ಹೊಂಗೆಮರಕ್ಕೆ, ಇನ್ನೊಂದು ತುದಿ ಸಿಪ್ಪೆ ಸಮೇತ ಒಣಗಾಯಿಗೆ. ಗಾಳಿ ಕಾಯಿಯನ್ನು ತಳ್ಳಿಕೊಂಡು ಹೋಗಿ ಹಗ್ಗ ಬಿಗಿಯಾದಲ್ಲಿ ನಿಲ್ಲಿಸುತ್ತಿತ್ತು. ಸೈಕಲ್ ಶಾಪಿನ ಬಿಲಾಲ್ ಅದನ್ನು ಸುತ್ತಿ ವಾಪಸ್ ಬರಬೇಕು.

ಸೋಮವಾರ ನೂರು ಸೆಕೆಂಡು, ತೊಂಬತ್ತಾರು ಕೈ. ಬುಧವಾರ ಎಂಬತ್ತು ಸೆಕೆಂಡು. ಶನಿವಾರ ಬರೀ ಅರವತ್ತು, ಐವತ್ತೆಂಟೇ ಕೈ. ಮೊಣಕೈ ತಿದ್ದಿದ್ದರ ಫಲವೆಂದು ಮೇಷ್ಟ್ರು ಚಾರ್ಟಿನಲ್ಲಿ ಕೆಂಪು ಗೆರೆ ಎಳೆದರು. ವಾಚು, ಹಾಳೆ ಬಿಟ್ಟು ಅವರ ಕಣ್ಣು ನೀರಿನತ್ತ ಹೋದದ್ದೇ ಇಲ್ಲ. ಅನುಮಾನ ಬಂದದ್ದು ಬಿಲಾಲ್‌ಗೆ.

"ಸಾ, ಯಾಕೋ ಕಾಯೇ ಹತ್ರ ಬಂದಂಗೈತೆ."

"ಈಜು ಸುಧಾರಿಸ್ದೋನಿಗೆ ದೂರ ಹಂಗೇ ಕಾಣೋದು ಕಣ್ಲಾ. ಪುಸ್ತಕದಲ್ಲೇ ಐತೆ."

ಭಾನುವಾರ ತುಮಕೂರಿನಿಂದ ಕ್ರೀಡಾ ಇಲಾಖೆಯ ಅಧಿಕಾರಿ ಶ್ರೀರಂಗಯ್ಯ ಬರುವವರಿದ್ದರು. ಅವರ ಕಣ್ಣೆದುರು ಬಿಲಾಲ್ ಅರವತ್ತೈದರೊಳಗೆ ಬಂದರೆ ಮೇಷ್ಟ್ರಿಗೆ ಜಿಲ್ಲಾ ಈಜು ತರಬೇತುದಾರನ ಹುದ್ದೆ. ಪರಮೇಶ್ ಆಗಲೇ ಬೋರ್ಡು ಬರೆಸಿ ಮನೆ ಬಾಗಿಲಿಗೆ ಹೊಡೆದಾಗಿತ್ತು.

ಅಂದು ಬೆಳಿಗ್ಗೆ ಕೆರೆಗೆ ಬಂದರೆ ದಡದ ತುಂಬಾ ಕೆರೆದಂಡೆಯ ಮನೆಯ ಅಂಕಮ್ಮನ ಬಟ್ಟೆ, ಇಡೀ ತಾಲ್ಲೂಕನ್ನೇ ಒಗೆದು ಹರವಿದಂತೆ. ಸೋಮವಾರ ರಾತ್ರಿ ಅವಳ ಮಗಳು ಹೆತ್ತಿದ್ದಳು. ಸಾಹೇಬರು ಬರುವ ಜಾಗದಲ್ಲಿ ಕೂಸಿನ ಚಿಂದಿಯೇ ಎಂದು ಮೇಷ್ಟ್ರು ಹಾರಾಡಿದರು. ಹಸಿ ಆರಲಿ ತಡೀರಿ ಎಂದು ಅಂಕಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳು ಗೊಣಗುತ್ತಾ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಮರದಡಿ ಕೂತಳು.

ಶ್ರೀರಂಗಯ್ಯ ತಮ್ಮದೇ ವಾಚು ಒತ್ತಿದರು. ಬಿಲಾಲ್ ಹಾರಿದ, ಬಡಿದ, ಬಡಿದೇ ಬಡಿದ. ಅರವತ್ತು ಸೆಕೆಂಡು ಕಳೆದಾಗ ಅವನಿನ್ನೂ ಕಾಯಿ ಸುತ್ತುತ್ತಿದ್ದ. ದಡ ಮುಟ್ಟುವಷ್ಟರಲ್ಲಿ ಸಾಹೇಬರ ಮೀಸೆಯಲ್ಲಿ ನಾಲ್ಕು ಕೂದಲು ನರೆತಿರಬೇಕು. ನೂರಾ ನಾಲ್ಕು ಸೆಕೆಂಡು.

ಮೊಣಕೈ ಇಳಿಸಿ ಮಾನ ಕಳೆದೆ ಎಂದು ಮೇಷ್ಟ್ರು ಬಿಲಾಲ್ ಮೇಲೆ ಎಗರಿದರು. ಅವನು ಏದುಸಿರಲ್ಲೇ ಹೇಳಿದ, "ಕಾಯಿ ತಿರ್ಗಾ ದೂರ ಓಡೋಯ್ತು ಸಾ."

ಅಂಕಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು.

"ಅವನ್ನ ಯಾಕೆ ಬೈತೀರಾ ಮೇಷ್ಟ್ರೆ. ಬಟ್ಟೆ ಹಾಕಕ್ಕೆ ನಿಮ್ಮ ಹಗ್ಗಾನೇ ನೀರಿಂದ ಈಕಡಿಕೆ ಎಳ್ಕಂಡು ಆ ಪಕ್ಕದ ಮರಕ್ಕೆ ಕಟ್ಟಿದ್ದೆ. ಬಟ್ಟೆ ಹೆಚ್ಚಾದಂಗೆಲ್ಲಾ ಇನ್ನೊಂದೀಟು ಎಳೀತಿದ್ದೆ. ನೀವೇ ತೆಗಿ ಅಂದ್ರಲ್ಲ, ಹಗ್ಗಾನೂ ಬಿಚ್ಚಿಬುಟ್ಟೆ."

ಶ್ರೀರಂಗಯ್ಯ ಚಾರ್ಟು ಇಸಿದುಕೊಂಡು, ಯಾವ ದಿನ ಎಷ್ಟು ಬಟ್ಟೆ ಎಂದು ಕೇಳಿದರು. ಅಂಕಮ್ಮ ಬೆರಳು ಮಡಚಿ ಎಣಿಸಿದಳು. ಸೋಮವಾರ ಒಂದೂ ಇಲ್ಲ, ಬುಧವಾರ ಹತ್ತು, ಶನಿವಾರ ಇಪ್ಪತ್ತು.

"ಒಂದು ಬಟ್ಟೆಗೆ ಎರಡು ಸೆಕೆಂಡು. ನಿಮ್ಮ ಲೆಕ್ಕ ಎಲ್ಲೂ ತಪ್ಪಿಲ್ಲ ಕಣ್ರೀ ಪರಮೇಶ್," ಎಂದು ಸಾಹೇಬರು ಚಾರ್ಟನ್ನು ಮಡಚಿ ಕೊಟ್ಟರು.

ಜೀಪು ಹೋಯಿತು, ಜೊತೆಗೆ ಹುದ್ದೆಯೂ ಹೋಯಿತು. ಮೇಷ್ಟ್ರು ಬಾಗಿಲಿನ ಬೋರ್ಡು ಕೀಳಲು ಹೊರಟರು. ಅಂಕಮ್ಮ ಹಗ್ಗ ಎಳೆಯುತ್ತಾ ಸಮಾಧಾನ ಹೇಳಿದಳು:

"ನಾಳಿಕ್ಕೆ ಕೂಸು ನೋಡಕ್ಕೆ ಬೀಗ್ರು ಬತ್ತಾರೆ, ಮೂವತ್ತು ಬಟ್ಟೆ ಆಯ್ತದೆ. ಬಿಲಾಲ ನಲವತ್ತಕ್ಕೇ ಬತ್ತಾನೆ ಮೇಷ್ಟ್ರೆ, ಈಗ್ಲೇ ಬರ್ಕಳಿ."