ಮಿಲಿಮೀಟರ್ ತಪ್ಪದ ಮೊಬೈಲ್ ಕವರುಗಳು

ಅಳತೆ ತಪ್ಪಬಾರದು ಎಂದು ಹಟ ಹಿಡಿದವನಿಗೇ ಇಂಥದ್ದೆಲ್ಲ ಆಗುತ್ತಿರುತ್ತದೆ. ಅಂದಾಜಿನಲ್ಲಿ ಬದುಕುವವರು ಆರಾಮವಾಗಿದ್ದಾರೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿದ್ದವನು. ಪೆನ್ಸಿಲಿನ ಗೆರೆ ಸ್ವಲ್ಪ ದಪ್ಪವಾದರೂ ಹಾಳೆ ಹರಿದು ಕೈಗೆ ಕೊಡುತ್ತಿದ್ದೆ. ನಿವೃತ್ತಿಯಾದ ಮೇಲೆ ಹೊಲಿಗೆ ಮಿಷನಿನಷ್ಟು ದೊಡ್ಡದೊಂದು ಸಿ.ಎನ್.ಸಿ. ಕೆತ್ತನೆ ಮಿಷನ್ ತರಿಸಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಅದರ ಸೂಜಿಯಂಥ ಬಿಟ್ ಗಿರ್ರನೆ ತಿರುಗುತ್ತ ಮರದಲ್ಲಿ ಅದನ್ನೇ ಕೊರೆಯುತ್ತದೆ. ಗಿರಾಕಿ ಬಯಸಿದ ಚಿತ್ರವನ್ನು ಮರದ ಮೊಬೈಲ್ ಕವರಿನ ಮೇಲೆ ಕೆತ್ತಿ ಕೊಡುವುದು ನನ್ನ ಈಗಿನ ಕೆಲಸ. ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೂ ಅದನ್ನು ಒಲೆಗೆ ಹಾಕಿ ಇನ್ನೊಂದು ಮಾಡುತ್ತೇನೆ.

ಮಿಷನ್ ಇಟ್ಟದ್ದು ಹಿಂಬದಿಯ ಜಗಲಿಯಲ್ಲಿ, ಹೆಂಡತಿ ಬಟ್ಟೆ ಒಣಗಿಸುವ ಜಾಗದಲ್ಲಿ. ಮರದ ಹುಡಿ ಹಾರಿ ಹಾರಿ ಅವಳ ಸೀರೆಗಳೆಲ್ಲ ಒಂದೇ ಬಣ್ಣಕ್ಕೆ ಬಂದಾಗ ನಾನೊಂದು ಮಾತು ಕೊಡಬೇಕಾಯಿತು. "ಹತ್ತು ಕವರು. ಅಷ್ಟರಲ್ಲಿ ಒಬ್ಬ ಗಿರಾಕಿಯಾದರೂ 'ಸರಿಯಾಗಿ ಉಂಟು' ಅಂತ ಹೇಳದಿದ್ದರೆ ಮಿಷನ್ ಮಾರಿಬಿಡ್ತೇನೆ."

ಕೊಟ್ಟ ಮಾತಿಗೆ ನಾನು ತಪ್ಪುವವನಲ್ಲ. ಅದು ಅವಳಿಗೂ ಗೊತ್ತು. ಅದಕ್ಕೇ ಅವಳು ಅವತ್ತು ಒಂದು ಲೋಟ ಹೆಚ್ಚು ಕಾಫಿ ಕೊಟ್ಟಳು.

ಬುಡ ಮೇಲಾದದ್ದು

ಮೊದಲನೆಯ ಗಿರಾಕಿ ಕಾರಡ್ಕದಲ್ಲಿ ರಿಕ್ಷಾ ಓಡಿಸುವವನು. ಹಲಸಿನ ಮರದ ಕವರು, ಅದರ ಮೇಲೆ ಅವನ ರಿಕ್ಷಾದ ಚಿತ್ರ. ವೈಪರ್ ಕೂಡ ಬಿಡದೆ ಕೆತ್ತಿದ್ದೆ. ಅವನು ಖುಷಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಹಳೆಯ ಆಚಾರಿಯೊಬ್ಬರು ಕವರನ್ನು ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದು ಮರದ ನಾರು ನೋಡಿದರು.

"ಇದು ತಲೆಕೆಳಗು ಉಂಟಲ್ಲ ಸಾರ್. ಮರದ ಬುಡದ ಬದಿ ಮೇಲೆ ಬಂದಿದೆ, ತುದಿ ಕೆಳಗೆ ಹೋಗಿದೆ. ಮನೆಯ ಕಂಬ ಹೀಗೆ ನಿಲ್ಲಿಸ್ತಾರಾ?"

"ಇದು ಕಂಬ ಅಲ್ಲ ಆಚಾರಿಗಳೇ. ಮೊಬೈಲ್ ಕವರು."

"ಕಂಬ ಅಲ್ಲ, ಸರಿ. ಮರ ಹೌದಲ್ಲ? ಬುಡ ಮೇಲಾದರೆ ಮನೆಗೆ ಒಳ್ಳೆದಲ್ಲ. ನನಗೆಂತ, ಹೇಳಿದೆ ಅಷ್ಟೆ."

ಆಚಾರಿ ಹೇಳಿ ಹೊರಟುಹೋದರು. ರಿಕ್ಷಾದವನು ಹೊಸ ಮನೆ ಕಟ್ಟಿಸಿ ಆರು ತಿಂಗಳಾಗಿತ್ತಷ್ಟೆ. ಅವನ ಮುಖ ಬಾಡಿತು. ಬೇರೆ ಮಾಡಿ ಕೊಡುತ್ತೇನೆಂದೆ. "ಬೇಡ ಸಾರ್, ನಾನು ಅಡ್ಜಸ್ಟ್ ಮಾಡಿಕೊಳ್ತೇನೆ" ಎಂದು ತೆಗೆದುಕೊಂಡು ಹೋದ.

ಅಡ್ಜಸ್ಟ್ ಎಂದರೆ ಏನೆಂದು ಒಂದು ವಾರದ ಮೇಲೆ ತಿಳಿಯಿತು. ಬುಡ ಕೆಳಗೆ ಬರಬೇಕೆಂದು ಅವನು ಇಡೀ ಫೋನನ್ನೇ ತಲೆಕೆಳಗು ಹಿಡಿಯುತ್ತಿದ್ದ. ಕೇಳುವ ತೂತು ಬಾಯಿಯ ಹತ್ತಿರ, ಮಾತಾಡುವ ತೂತು ಕಿವಿಯ ಹತ್ತಿರ. ಬಾಡಿಗೆಗೆ ಕರೆದವರಿಗೆ ಇವನ ಮಾತು ಕೇಳುವುದಿಲ್ಲ, ಇವನಿಗೆ ಅವರ ಮಾತು ಕೇಳುವುದಿಲ್ಲ. ಕೊನೆಗೆ ಮನೆಗೇ ಬಂದು ಹೇಳಿದ:

"ಸಾರ್, ಬೇಜಾರು ಮಾಡ್ಬೇಡಿ. ನಿಮ್ಮ ಕವರಿಗೆ ರೇಂಜ್ ಇಲ್ಲ."

ಗಣಪತಿ

ಎರಡನೆಯದು ಬಾವಿಗೆ ಬಿತ್ತು. ಮೂರನೆಯದನ್ನು ನಾಯಿ ಕಚ್ಚಿತು. ಅವು ಹೇಳುವಂಥ ವಿಷಯಗಳಲ್ಲ. ನಾಲ್ಕನೆಯದು ಒಬ್ಬ ಟೀಚರಮ್ಮನದು. ಗಣಪತಿ ಬೇಕೆಂದರು. ಸೊಂಡಿಲಿನ ಒಂದೊಂದು ಸುಕ್ಕು ಬರುವಂತೆ, ಇಲಿಯ ಮೀಸೆ ಎಣಿಸುವಂತೆ ಕೆತ್ತಿದೆ. ಹದಿನಾಲ್ಕು ಗಂಟೆಯ ಕೆಲಸ. ಅವರು ಮನೆಗೆ ಒಯ್ದರು.

ಹತ್ತು ದಿನವಾದರೂ ಸುದ್ದಿಯಿಲ್ಲ. ಸರಿಯಾಯಿತೋ ಇಲ್ಲವೋ ಎಂದು ಕೇಳಲು ಫೋನ್ ಮಾಡಿದರೆ ರಿಂಗಾಗುತ್ತದೆ, ತೆಗೆಯುವವರಿಲ್ಲ. ಅವರ ಗಂಡನಿಗೆ ಮಾಡಿದೆ.

"ಎಂತ ಹೇಳುವುದು ಸಾರ್. ನೀವು ಅಷ್ಟು ಚಂದ ಮಾಡ್ಬಾರ್ದಿತ್ತು."

"ಯಾಕೆ?"

"ಇವಳು ಅದನ್ನು ಹಾಸಿಗೆಯ ಮೇಲೆ ಬಿಸಾಡಿದ್ದನ್ನು ಅಮ್ಮ ನೋಡಿದರು. ಇಷ್ಟು ಲಕ್ಷಣದ ದೇವರನ್ನು ಎಲ್ಲೆಲ್ಲೋ ಇಡುವುದಾ ಅಂತ ತೆಗೆದು ದೇವರ ಕೋಣೆಯಲ್ಲಿ ಇಟ್ಟಿದ್ದಾರೆ. ಈಗ ಸ್ನಾನ ಮಾಡದೆ ಮುಟ್ಟಲಿಕ್ಕಿಲ್ಲ. ಮಾತಾಡುವ ತೂತಿನಲ್ಲಿ ಗಂಧ ತುಂಬಿದೆ."

ಕವರು ಬಿಚ್ಚಿ ಫೋನ್ ಮಾತ್ರ ತೆಗೆಯಬಹುದಲ್ಲ ಎಂದೆ. ಒಂದು ನೂಲು ಸಡಿಲವಿಲ್ಲದಂತೆ ಕೂರಿಸಿದವನು ನಾನೇ; ಅದು ಬಿಚ್ಚಲು ಬರುತ್ತಿರಲಿಲ್ಲವಂತೆ.

"ಹಾಗಾದರೆ ಟೀಚರ ಹತ್ತಿರ ಒಮ್ಮೆ ಮಾತಾಡಬೇಕಿತ್ತು. ಕವರಿನ ಬಗ್ಗೆ ಅವರದೊಂದು ಅಭಿಪ್ರಾಯ..."

"ಅವಳ ಫೋನಿಗೇ ಮಾಡಿ ಸಾರ್. ಆದರೆ ಮಂಗಳಾರತಿ ಆದ ಮೇಲೆ ಮಾಡಿ."

ಅಜ್ಜನ ನೆನಪು

ಐದು, ಆರರ ಕತೆಯೂ ಬೇಡ. ಏಳನೆಯದಕ್ಕೆ ನಾನು ನಿಜವಾಗಿ ಮನಸ್ಸು ಕೊಟ್ಟಿದ್ದೆ. ದೇಲಂಪಾಡಿಯ ಕಡೆಯ ಒಬ್ಬ ಯುವಕ ಒಂದು ಮಂಚದ ಕಾಲನ್ನು ಗೋಣಿಯಲ್ಲಿ ಸುತ್ತಿ ತಂದ. ಹಳೆಯ ಸಾಗುವಾನಿ.

"ನಮ್ಮ ಅಜ್ಜನ ಮಂಚ ಸಾರ್. ಮೊನ್ನೆ ಬಿಚ್ಚಿದೆವು. ಒಂದು ನೆನಪಿಗೆ ಇರಲಿ ಅಂತ, ಇದರಲ್ಲೇ ಕವರು ಮಾಡಿ, ಅಜ್ಜನ ಮುಖ ಕೆತ್ತಿ ಕೊಡಿ."

ಫೋಟೊ ಕೊಟ್ಟ. ನಾನು ಎದ್ದು ನಿಂತು ಸಂತಾಪ ಹೇಳಿದೆ. ಅವನು ಸ್ವಲ್ಪ ಗಲಿಬಿಲಿಯಾದಂತೆ ಕಂಡ, ದುಃಖವಿರಬೇಕು ಎಂದುಕೊಂಡೆ. ಕೇಳದೆಯೇ ಮುಖದ ಎರಡೂ ಬದಿಗೆ ಒಂದೊಂದು ದೀಪ ಕೆತ್ತಿದೆ. ಕೆಳಗೆ 'ಅಗಲಿದ ಹಿರಿಯರ ನೆನಪಿಗೆ' ಎಂದು ಹಾಕಿದೆ. ಊರಿಗೆ ಹೊರಟಿದ್ದ ಅವನ ಚಿಕ್ಕಪ್ಪನ ಕೈಯಲ್ಲಿ ಪ್ಯಾಕ್ ಮಾಡಿ ಕಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಂತಿತು. ಊರುಗೋಲು ಹಿಡಿದ ಒಬ್ಬ ಮುದುಕರು ಇಳಿದರು. ಮುಖ ಎಲ್ಲೋ ನೋಡಿದ ಹಾಗೆ ಇತ್ತು. ಎಲ್ಲೋ ಏನು, ನಾನೇ ಹತ್ತೊಂಬತ್ತು ಗಂಟೆ ಕೆತ್ತಿದ ಮುಖ.

ಅವರ ಮೊಣಗಂಟು ನೋವಿಗೆ ಎತ್ತರದ ಕಬ್ಬಿಣದ ಮಂಚ ತಂದದ್ದಂತೆ. ಹಳೆಯದನ್ನು ಬಿಚ್ಚಿದ್ದು ಅದಕ್ಕೆ.

ನಾನು ಕೈಮುಗಿದು ಕ್ಷಮೆ ಕೇಳಿದೆ. ನನ್ನದು ಘೋರ ತಪ್ಪು, ವಿಚಾರಿಸದೆ ಬರೆಯಬಾರದಿತ್ತು ಎಂದೆ. ಅವರು ಕೈಯೆತ್ತಿ ತಡೆದರು. ಕವರನ್ನು ತಮ್ಮ ಮುಖದ ಪಕ್ಕಕ್ಕೆ ಹಿಡಿದರು.

"ಸತ್ತದ್ದು ಇರಲಿ ಮಾರಾಯ್ರೆ, ಇವತ್ತಲ್ಲ ನಾಳೆ ಅದು ಸರಿಯಾಗ್ತದೆ. ನನ್ನ ಮೂಗು ಹೀಗುಂಟಾ?"

ಹತ್ತನೆಯದು

ಎಂಟು, ಒಂಬತ್ತೂ ಹಾಗೆಯೇ ಹೋದವು. ಹೆಂಡತಿ ಜಗಲಿಯಲ್ಲಿ ಬಟ್ಟೆಯ ಹಗ್ಗಕ್ಕೆ ಮೊಳೆ ಎಲ್ಲಿ ಹೊಡೆಯಬೇಕೆಂದು ಗುರುತು ಹಾಕಿ ಇಟ್ಟಳು. ಸತ್ಯ ಹೇಳುತ್ತೇನೆ, ನನಗೂ ಸಾಕಾಗಿತ್ತು. ಹತ್ತನೆಯದೂ ಹಾಳಾಗಲಿ, ಮಾತಿನಂತೆ ಮಾರಿ ಕೈತೊಳೆದುಕೊಳ್ಳೋಣ ಎನ್ನುವ ಹಂತಕ್ಕೆ ಬಂದಿದ್ದೆ.

ಹತ್ತನೆಯ ಗಿರಾಕಿ ದುಬಾಯಿಯಲ್ಲಿದ್ದ. ನೆಕ್ರಾಜೆಯಲ್ಲಿ ಅವನ ಎರಡಂತಸ್ತಿನ ಮನೆಯ ಕೆಲಸ ನಡೆಯುತ್ತಿತ್ತು. ಕೆಲಸ ನೋಡಿಕೊಳ್ಳುವವರು ಅವನ ಭಾವ. ವಾಟ್ಸಾಪಿನಲ್ಲಿ ಧ್ವನಿ ಕಳಿಸಿದ: "ಭಾವನ ಫೋನಿಗೆ ಒಂದು ಕವರು ಸಾರ್, ಅದರಲ್ಲಿ ನನ್ನ ಮನೆಯ ಮುಂಬದಿ ಬರಬೇಕು. ಪಾಪ, ದಿನಾ ಬಿಸಿಲಲ್ಲಿ ನಿಲ್ತಾರೆ."

ಜೊತೆಗೆ ನಕ್ಷೆಯ ಫೋಟೊ. ಆದರೆ ಫೋಟೊ ತೆಗೆಯುವಾಗ ಅವನ ಹೆಬ್ಬೆರಳು ಮೇಲಂತಸ್ತಿನ ಎಡಭಾಗವನ್ನು ಮುಚ್ಚಿತ್ತು. ಬೆರಳಿನ ಅಡಿಯಲ್ಲಿ ಏನುಂಟು ಎಂದು ಮೂರು ಸಲ ಬರೆದು ಕೇಳಿದೆ. ಮೂರು ಸಲವೂ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು.

ಜೀವನದಲ್ಲಿ ಒಮ್ಮೆ ಅಂದಾಜು ಮಾಡಿದೆ. ಬಲಗಡೆ ಎರಡು ಬಾಗಿಲಿನ ಕಿಟಕಿ ಇತ್ತು; ಎಡಗಡೆಯೂ ಅದೇ ಇರಬೇಕೆಂದು ಒಂದು ಕಿಟಕಿ ಕೆತ್ತಿ ಕಳಿಸಿದೆ.

ಎರಡು ತಿಂಗಳ ಮೇಲೆ ಸಂಗತಿ ಕಿವಿಗೆ ಬಿತ್ತು. ನಕ್ಷೆಯಲ್ಲಿ ಅಲ್ಲಿ ಕಿಟಕಿ ಇರಲಿಲ್ಲ, ಬರೀ ಗೋಡೆ. ಈಗ ಆ ಗೋಡೆ ಒಡೆದು ಕಿಟಕಿ ಇಟ್ಟಿದ್ದಾರೆ. ಗೋಡೆಯ ಹಿಂದೆ ಇರುವುದು ಬಾತ್‌ರೂಮು.

ಇಂಥದ್ದನ್ನು ಮುಚ್ಚಿಡುವವನಲ್ಲ ನಾನು. ತಪ್ಪೊಪ್ಪಿಕೊಳ್ಳಲು ಬಸ್ಸು ಹತ್ತಿ ನೆಕ್ರಾಜೆಗೆ ಹೋದೆ. ರಸ್ತೆಯಿಂದಲೇ ಕಿಟಕಿ ಕಂಡಿತು. ಅದರ ಮೂಲಕ ಬಾತ್‌ರೂಮಿನ ಶವರೂ ಕಂಡಿತು. ರಜೆಯಲ್ಲಿ ಬಂದಿದ್ದ ಯಜಮಾನ ಅಂಗಳದಲ್ಲಿ ನಿಂತಿದ್ದ. ಪಕ್ಕದಲ್ಲಿ ಭಾವ. ಅಲ್ಲೇ ಸಿಮೆಂಟು ಕಲಸುತ್ತಿದ್ದ ಮೇಸ್ತ್ರಿಯನ್ನೇ ಮೊದಲು ಕೇಳಿದೆ:

"ನಕ್ಷೆಯಲ್ಲಿ ಇಲ್ಲದ್ದನ್ನು ಯಾಕೆ ಮಾಡಿದ್ದು?"

"ನಿಜವಾದ ನಕ್ಷೆ ಕಾಗದದ್ದಲ್ಲ ಸಾರ್" ಎಂದ ಮೇಸ್ತ್ರಿ, ನನಗೇ ಪಾಠ ಹೇಳುವವನಂತೆ. "ಕಾಗದವನ್ನು ಇವರು ವಾರಕ್ಕೊಮ್ಮೆ ಬದಲಿಸ್ತಾರೆ. ಭಾವನ ಫೋನಿನ ಕವರಿನಲ್ಲಿ ನೋಡಿದರೆ ಮರದಲ್ಲಿ ಕೆತ್ತಿಸಿಬಿಟ್ಟಿದ್ದಾರೆ! ನಿಶ್ಚಯ ಆಗದ್ದನ್ನು ಯಾರಾದರೂ ಮರದಲ್ಲಿ ಕೆತ್ತಿಸ್ತಾರಾ?"

ನಾನು ಯಜಮಾನನ ಕಡೆ ತಿರುಗಿದೆ. "ತಪ್ಪು ನನ್ನದು. ಆ ಕಿಟಕಿ ನನ್ನ ಅಂದಾಜು. ನೀವು ಏನು ಹೇಳಿದರೂ ಕೇಳಲಿಕ್ಕೆ ತಯಾರಾಗಿ ಬಂದಿದ್ದೇನೆ."

ಅವನು ಭಾವನ ಕೈಯಿಂದ ಫೋನ್ ತೆಗೆದುಕೊಂಡ. ಒಂದು ಕಣ್ಣು ಮುಚ್ಚಿ ಕವರನ್ನು ಮನೆಯ ಎದುರಿಗೆ ಹಿಡಿದ. ಮನೆ ನೋಡಿದ, ಕವರು ನೋಡಿದ, ಮತ್ತೆ ಮನೆ ನೋಡಿದ.

"ಎಂತ ತಪ್ಪು ಸಾರ್? ನೀವೇ ನೋಡಿ. ಒಂದು ಕೂದಲೆಳೆಯ ವ್ಯತ್ಯಾಸ ಇಲ್ಲ! ಸರಿಯಾಗಿ ಉಂಟು!"

"ಆದರೆ ಅದು ಬಾತ್‌ರೂಮು..."

"ಗಾಳಿ ಬೆಳಕು ಬರ್ತದೆ" ಎಂದರು ಭಾವ.

ಹೇಳಿಬಿಟ್ಟ. ಹತ್ತನೆಯವನು, ಆ ಮಾತನ್ನೇ ಹೇಳಿಬಿಟ್ಟ. ಇನ್ನು ಮಿಷನ್ ಮಾರುವಂತಿಲ್ಲ. ಹೆಂಡತಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ಯೋಚಿಸುತ್ತ ಗೇಟಿನ ತನಕ ಬಂದಿದ್ದೆ. ಹಿಂದಿನಿಂದ ಮೇಸ್ತ್ರಿ ಸಿಮೆಂಟಿನ ಕೈ ಒರೆಸಿಕೊಳ್ಳುತ್ತ ಓಡಿಬಂದ.

"ಸಾರ್, ಸಾರ್! ಹಿಂಬದಿಯ ಗೋಡೆ ಅರ್ಧಕ್ಕೆ ನಿಂತಿದೆ. ಅದರ ಕವರು ಯಾವಾಗ ಸಿಗ್ತದೆ?"