ಹರಿದ ಕಿವಿಯ ಮುತ್ತಜ್ಜ

ಹೆಣ್ಣು ಕೇಳಲು ಹೋದವನು ಹೆಣ್ಣಿನಪ್ಪನ ಮುಖ ನೋಡಿಕೊಂಡು ಕೂರಬೇಕು, ಗೋಡೆ ನೋಡಬಾರದು. ನವುವಾ ಬಸ್ ಡಿಪೋದ ಮೆಕ್ಯಾನಿಕ್ ಶಾಲ್ವಿನ್ ಗೋಡೆ ನೋಡಿದ. ಅಲ್ಲಿ, ಹಲ್ಲಿ ಮಾತ್ರ ಓದಬಹುದಾದಷ್ಟು ಎತ್ತರದಲ್ಲಿ, ಗಾಜಿನ ಚೌಕಟ್ಟಿನೊಳಗೆ ಒಂದು ಹಳದಿ ಕಾಗದ ತೂಗುತ್ತಿತ್ತು. ಮಾತು ಮುಂದುವರಿಸಲು ಬೇರೇನೂ ಹೊಳೆಯದೆ ಅವನು, "ಅದೇನು ಮಾಸ್ಟರ್‌ಜೀ?" ಎಂದುಬಿಟ್ಟ.

ರಿಟೈರಾದ ಹೆಡ್‌ಮಾಸ್ಟರ್ ಹರಖ್ ನಾರಾಯಣರನ್ನು ಎಷ್ಟೋ ವರ್ಷಗಳಿಂದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗಾದರು.

"ನನ್ನ ಮುತ್ತಜ್ಜ ಸುಖದೇವನ ಪಾಸು. ಕಲ್ಕತ್ತೆಲಿ ಹಡಗು ಹತ್ತುವಾಗ ಕೊಟ್ಟಿದ್ದು. ಗಿರ್ಮಿಟ್ ಅಂತ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ, ಸಮುದ್ರ ದಾಟಿ ಈ ದ್ವೀಪಕ್ಕೆ ಬಂದು ಇದೇ ನವುವಾದಲ್ಲಿ ಐದು ವರ್ಷ ಕಬ್ಬು ಕಡಿದ. ನಿನ್ನ ಮುತ್ತಜ್ಜ ಯಾರು?"

"ಜೋಖನ್ ಅಂತ."

"ಯಾವ ಜಿಲ್ಲೆ ಜೋಖನ್? ಯಾವ ಹಡಗು?"

ಶಾಲ್ವಿನ್ ಚಹಾದ ಲೋಟದ ತಳ ನೋಡಿದ. ಉತ್ತರ ಅಲ್ಲಿರಲಿಲ್ಲ. ಪರದೆಯ ಹಿಂದೆ ಮಾಸ್ಟರ ಮಗಳು ಕಾಜ್ಲೀನಳ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಎರಡು ವರ್ಷದಿಂದ ಅವಳು ಅವನು ರಿಪೇರಿ ಮಾಡಿದ ಬಸ್ಸಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸು ಕೆಟ್ಟ ದಿನ ಇಬ್ಬರಿಗೂ ಹಬ್ಬ.

"ನೋಡಪ್ಪ," ಎಂದರು ಮಾಸ್ಟರು. "ಬುಡ ಗೊತ್ತಿಲ್ಲದ ಗಿಡಕ್ಕೆ ನಾನು ಮಗಳನ್ನ ಕಟ್ಟಲ್ಲ. ಸಾಯಂಕಾಲ ಐದಕ್ಕೆ ಲೌಟೋಕಾದಿಂದ ಒಬ್ಬ ಹುಡುಗನ ಕಡೆಯೋರು ಬರ್ತಿದ್ದಾರೆ. ಅಷ್ಟರೊಳಗೆ ನಿನ್ನ ಮುತ್ತಜ್ಜನ ಕಾಗದ ತಂದ್ರೆ ಅವರಿಗೆ ಬರೀ ಚಹಾ ಕೊಟ್ಟು ಕಳಿಸ್ತೀನಿ."

ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ರೀಸು ಮೆತ್ತಿಕೊಂಡವನ ಹತ್ತಿರ ಕಾಗದ ಕೇಳುವುದು ಮೇಷ್ಟ್ರುಗಳ ಹಳೇ ಚಟ. ಬದುಕಿರುವ ಮನುಷ್ಯ ಎದುರಿಗೇ ಕೂತಿದ್ದರೂ ಅವರಿಗೆ ಸತ್ತವನ ಸರ್ಟಿಫಿಕೇಟೇ ಬೇಕು. ಶಾಲ್ವಿನ್ ಹಲ್ಲು ಕಚ್ಚಿಕೊಂಡು ಮನೆಗೆ ಬಂದ.

ಮನೆಯಲ್ಲಿ ವಿಚಾರಿಸಿದರೆ ಜೋಖನ್ ಒಬ್ಬನಲ್ಲ, ಐವರು. ಅಪ್ಪನ ಪ್ರಕಾರ ಆರೂವರೆ ಅಡಿಯ ಪೈಲ್ವಾನ. ದೊಡ್ಡಪ್ಪನ ಪ್ರಕಾರ ಮಂತ್ರ ಕಲಿತ ಪುರೋಹಿತ. ಚಿಕ್ಕಪ್ಪನ ಜೋಖನ್ ಓವರ್‌ಸಿಯರ್ ಸಾಹೇಬನನ್ನು ಕಬ್ಬಿನಲ್ಲೇ ಬಡಿದು ಜೈಲಿಗೆ ಹೋಗಿದ್ದ, ಅತ್ತೆಯ ಜೋಖನ್ ಯಾರದೋ ಎಮ್ಮೆ ಹೊಡೆದುಕೊಂಡು ಹೋಗಿ ಊರು ಬಿಟ್ಟಿದ್ದ. ಅಮ್ಮನ ಜೋಖನ್ ಹೆಂಡತಿಗೆ ಹೆದರಿ ಹಡಗು ಹತ್ತಿದವನು. ಒಂದು ವಿಷಯದಲ್ಲಿ ಮಾತ್ರ ಐವರೂ ಒಂದು: ಅವನ ಎಡಗಿವಿ ಹರಿದಿತ್ತು. ಹರಿದದ್ದು ಹುಲಿಯೋ ನಾಯಿಯೋ ಹೆಂಡತಿಯೋ ಎಂಬಲ್ಲಿ ಮತ್ತೆ ಜಗಳ.

ಜಗಳದ ಸದ್ದಿಗೆ ಪಕ್ಕದ ಮನೆಯ ಬಿಸುನ್ ಕಾಕಾ ಬೇಲಿ ಹಾರಿ ಬಂದರು. ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಆ ಕಷ್ಟಕ್ಕಿಂತ ಒಂದು ಹೆಜ್ಜೆ ಮುಂಚೆ ತಲುಪುವ ಮನುಷ್ಯ.

"ಸುವಾಗೆ ಹೋಗೋಣ ನಡಿ ಬೇಟಾ. ಹಳೇ ಕಾಗದ ಎಲ್ಲ ಅಲ್ಲಿ ಸರ್ಕಾರದ ಕಚೇರಿಲಿ ಇಟ್ಟಿದ್ದಾರೆ. ನಾನಿದ್ದೀನಲ್ಲ."

"ಅದೇ ಭಯ ಕಾಕಾ," ಎಂದ ಶಾಲ್ವಿನ್. ಆದರೂ ಹೊರಟ.

ದಾರಿಯಲ್ಲಿ ಬಸ್ಸು ಕೆಟ್ಟಿತು. ಪ್ಯಾಸೆಂಜರುಗಳೆಲ್ಲ ಶಾಲ್ವಿನ್ ಕಡೆ ತಿರುಗಿದರು. ಹೊಸ ಶರಟು ಬಿಚ್ಚಿ ಕಾಕಾನ ಕೈಗೆ ಕೊಟ್ಟು ಅವನು ಬಸ್ಸಿನಡಿ ಮಲಗಿ ಎದ್ದಾಗ, ಕಾಕಾ ಆ ಶರಟಿನಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದರು.

ಸುವಾದಲ್ಲಿ ಇಳಿದೊಡನೆ ಕಾಕಾ ಕಚೇರಿ ಬಿಟ್ಟು ಒಂದು ಭಜಿಯಾ ಅಂಗಡಿಗೆ ನುಗ್ಗಿದರು. ಅಂಗಡಿಯವನು ತಬ್ಬಿಕೊಂಡು ಪೊಟ್ಟಣ ಕಟ್ಟಿ ಕೊಟ್ಟ. ಕಾಸು ಮುಟ್ಟಲಿಲ್ಲ.

"ನೆಂಟರಾ ಕಾಕಾ?"

"ನೆಂಟರಿಗಿಂತ ಹೆಚ್ಚು. ಅವನಜ್ಜ ನಮ್ಮಜ್ಜ ಒಂದೇ ಹಡಗಲ್ಲಿ ಬಂದೋರು. ಜಹಾಜಿ ಅಂದ್ರೆ ಒಂದೇ ಹೊಟ್ಟೆಲಿ ಹುಟ್ಟಿದ ಹಾಗೆ ಕಣೋ. ಮೂರು ತಲೆಮಾರಿಂದ ಬಿಟ್ಟಿ ಭಜಿಯಾ."

ಕಚೇರಿಯಲ್ಲಿ ಅಕಾನಿಸಿ ಎಂಬ ದಪ್ಪ ಕನ್ನಡಕದ ಹೆಂಗಸು ಕೂತಿದ್ದಳು. ಜೋಖನ್ ಎಂಬ ಹೆಸರು ಹುಡುಕಿ, "ಹನ್ನೊಂದು ಜನ ಇದ್ದಾರೆ. ಯಾರು ಬೇಕು?" ಎಂದಳು, ಮಾರ್ಕೆಟ್ಟಿನಲ್ಲಿ ಕೆಸವಿನ ಗೆಡ್ಡೆ ಆರಿಸುವವಳ ಹಾಗೆ.

"ಕಿವಿ ಹರಿದೋನು," ಎಂದರು ಕಾಕಾ.

ಅವಳು ಒಂದೊಂದೇ ಓದಿದಳು. ಮೂರನೇ ಜೋಖನ್ ಆರು ತಿಂಗಳ ಕೂಸು. ಐದನೆಯವನಿಗೆ ಮೈತುಂಬ ಸಿಡುಬಿನ ಕಲೆ, ಕಿವಿ ಮಾತ್ರ ಭದ್ರ. ಎಂಟನೆಯದಕ್ಕೆ ಬೆರಳು ನಿಂತಿತು.

"ವಯಸ್ಸು ಇಪ್ಪತ್ತೆರಡು. ಜಾತಿ ಕುಂಬಾರ. ಎತ್ತರ ಐದಡಿ ಎರಡಿಂಚು. ಗುರುತು, ಬಲಗಿವಿ ಹರಿದಿದೆ. ಕೆಲಸಕ್ಕೆ ಕಳಿಸಿದ್ದು ಲೌಟೋಕಾ."

"ನಮ್ಮೋನದು ಎಡಗಿವಿ," ಎಂದ ಶಾಲ್ವಿನ್.

"ಗುಮಾಸ್ತ ಎದುರಿಗೆ ನಿಂತು ಬರ್ದಿದ್ದು ಕಣೋ. ಎದುರು ನಿಂತೋನಿಗೆ ಎಡ ಬಲ ಆಗುತ್ತೆ. ಕನ್ನಡಿ ನೋಡಲ್ವಾ ನೀನು?"

"ಲೌಟೋಕಾ ಅಂತಿದೆ ಕಾಕಾ. ನಮ್ಮೋರು ಮೊದಲಿಂದ ನವುವಾ."

"ಕಾಲಿರಲಿಲ್ವಾ ಅವನಿಗೆ? ಕಾಡು ಹಾದು ನಡ್ಕೊಂಡು ಬಂದ. ಕಿವಿ ಅಲ್ಲೇ ಹರಿದಿರೋದು."

"ಕಿವಿ ಹಡಗು ಹತ್ತೋ ಮುಂಚೆನೇ ಹರಿದಿದೆ ಮಾವಾ," ಎಂದಳು ಅಕಾನಿಸಿ. "ಇನ್ನೂ ಮೂವರು ಜೋಖನ್ ಉಳಿದಿದ್ದಾರೆ. ಊಟ ಮಾಡಿ ಬಂದು ನೋಡ್ತೀನಿ."

"ಊಟ ಮಾಡಿ ಬರೋದ್ರೊಳಗೆ ಇವನ ಹುಡುಗಿ ಲೌಟೋಕಾ ಸೇರ್ತಾಳೆ. ಇದನ್ನೇ ಪ್ರತಿ ತೆಗೆದುಕೊಡಮ್ಮ."

ಬಸ್ಸಿನಲ್ಲಿ ಕೂತು ಶಾಲ್ವಿನ್ ಆ ಕಾಗದವನ್ನು ಮತ್ತೆ ಮತ್ತೆ ನೋಡಿದ. ಅವನಿಗಿಂತ ನಾಲ್ಕು ವರ್ಷ ಚಿಕ್ಕ ಹುಡುಗ. ಯಾರೋ ಗೋಡೆಗೆ ನಿಲ್ಲಿಸಿ ಕೋಲು ಹಿಡಿದು ಅಳೆದಿದ್ದರು, ಜಾತ್ರೆಯ ದನ ಅಳೆದ ಹಾಗೆ. ಓಡಿಹೋದರೆ ಹಿಡಿಯಲು ಸಾಹೇಬನಿಗೆ ಕಿವಿಯ ಗುರುತು ಸಾಕಿತ್ತು. ಅವನು ಯಾರನ್ನು ಬಿಟ್ಟು ಬಂದ, ಅಲೆ ನೋಡಿ ಹೆದರಿದನೋ ನಕ್ಕನೋ, ಅದನ್ನೆಲ್ಲ ಬರೆಯಲು ಆ ಕಾಗದದಲ್ಲಿ ಒಂದು ಗೆರೆ ಜಾಗವೂ ಇರಲಿಲ್ಲ. ಎಡವೋ ಬಲವೋ, ಶಾಲ್ವಿನ್‌ಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ಅಷ್ಟರಲ್ಲಿ ಕಾಕಾ ಭಜಿಯಾದ ಹುಣಿಸೆ ಚಟ್ನಿಯನ್ನು ಜಾತಿಯ ಸಾಲಿನ ಮೇಲೆ ಸರಿಯಾಗಿ ಚೆಲ್ಲಿದ್ದರು.

"ಕಾಕಾ."

"ಮಾಸ್ಟರು ಠಾಕೂರರು ಕಣೋ. ಚಟ್ನಿ ಇರೋದು ಯಾತಕ್ಕೆ?"

ನಾಲ್ಕೂವರೆಗೆ ಮಾಸ್ಟರ ಮನೆ ಮುಟ್ಟಿದರು. ಮಾಸ್ಟರು ಕಾಗದ ಹಿಡಿದು ಮೂಸಿದರು.

"ಇದ್ಯಾಕೆ ಹುಳಿ ವಾಸನೆ?"

"ಹಳೇ ಕಾಗದ ಮಾಸ್ಟರ್‌ಜೀ. ಹನ್ನೊಂದು ಜನ ಜೋಖನ್‌ಗಳಲ್ಲಿ ಹುಡುಕಿ ತೆಗೆದಿದ್ದು," ಎಂದರು ಕಾಕಾ.

ಮಾಸ್ಟರು ಚಟ್ನಿಯನ್ನು ಉಗುರಿನಿಂದ ಕೆರೆದು ಓದಿದರು. "ಕುಂಬಾರ. ಇರ್ಲಿ ಬಿಡು, ಜಾತಿಯೆಲ್ಲ ಅರ್ಧ ದಾರಿಲೇ ಸಮುದ್ರಕ್ಕೆ ಬಿತ್ತು. ನನಗೆ ಬೇಕಾದ್ದು ಬುಡ."

ಪರದೆಯ ಹಿಂದೆ ಬಳೆ ಹಾಡಿತು. ಶಾಲ್ವಿನ್‌ನ ಎದೆ ಸರ್ವೀಸಾದ ಎಂಜಿನ್ನಿನ ಹಾಗೆ ಹಗುರಾಗಿ ಓಡತೊಡಗಿತು. ಮಾಸ್ಟರು ಓದುತ್ತಾ ಹೋದರು. "ಹಡಗಿನ ಹೆಸರು, ಕ್ಲಾರೆಂಡನ್."

ಓದುವುದು ನಿಂತಿತು. ಮಾಸ್ಟರು ಕುರ್ಚಿ ಹತ್ತಿ ಗೋಡೆಯ ಚೌಕಟ್ಟು ಇಳಿಸಿದರು, ಧೂಳು ಊದಿದರು, ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟರು. ಹಡಗು ಒಂದೇ. ತಾರೀಖು ಒಂದೇ. ಸುಖದೇವನ ನಂಬರು ನಾಲ್ಕುನೂರ ಹನ್ನೆರಡು, ಜೋಖನ್‌ನದು ನಾಲ್ಕುನೂರ ಹದಿಮೂರು.

ಮೂಲೆಯ ಮಂಚದಿಂದ ಮಾಸ್ಟರ ತಾಯಿ, ಎಂಬತ್ತೈದರ ಆಜಿ, ಎದ್ದು ಕೂತರು. "ಕಿವಿ? ಕಿವಿ ಏನಂತಿದೆ?"

"ಬಲಗಿವಿ ಹರಿದಿದೆಯಂತೆ."

ಆಜಿ ಎರಡು ಕೈಯಲ್ಲೂ ಶಾಲ್ವಿನ್‌ನ ಮುಖ ಹಿಡಿದು ಅಳತೊಡಗಿದರು. "ನಾನು ಮದುವೆಯಾಗಿ ಬಂದಾಗ ಸುಖದೇವ್ ಮುದುಕ ಇನ್ನೂ ಬದುಕಿದ್ದ ಮಗಾ. ದಿನಾ ಅದೇ ಮಾತು. ನನ್ನ ಜಹಾಜಿ, ಕಿವಿ ಹರಿದ ಜಹಾಜಿ, ಹಡಗಲ್ಲಿ ನನಗೆ ಜ್ವರ ಬಂದಾಗ ತನ್ನ ಪಾಲಿನ ನೀರು ಕುಡಿಸ್ದ, ದಡಕ್ಕಿಳಿದ ಮೇಲೆ ನನ್ನನ್ನ ಇಲ್ಲಿಗೆ ಅವನನ್ನ ಅಲ್ಲಿಗೆ ಅಂತ ಕಿತ್ತು ಹಾಕಿದ್ರು. ಜಹಾಜಿ ಅಂತ ಕರೀತಾನೇ ಮುದುಕ ಪ್ರಾಣ ಬಿಟ್ಟ. ನಮ್ಮ ರಕ್ತ ಮನೆಗೆ ಬಂತು. ಏ ಕಾಜ್ಲೀನ್, ದೇವರ ಗೂಡಿಂದ ಕೆಂಪು ದಾರ ತಗೊಂಡು ಬಾರೇ. ನಿಮ್ಮಣ್ಣ ಬಂದಿದ್ದಾನೆ."

ಶಾಲ್ವಿನ್ ಬಿಸುನ್ ಕಾಕಾನ ಕಡೆ ನೋಡಿದ. ಕಾಕಾ ಚಾವಣಿ ನೋಡುತ್ತಿದ್ದರು. ಎಡಗಿವಿ ಎಂದು ಹೇಳಿದರೆ ಬೇರೆಯವರ ಬುಡ ಹೊತ್ತು ತಂದ ಕಳ್ಳ. ಹೇಳದಿದ್ದರೆ ಅಣ್ಣ. ಅವನು ಬಾಯಿ ತೆರೆದು ಮುಚ್ಚುವುದರೊಳಗೆ ಕಾಜ್ಲೀನ್ ದಾರ ಕಟ್ಟುತ್ತಿದ್ದಳು, ಮಣಿಕಟ್ಟಿಗೆ ರಕ್ತ ನಿಲ್ಲುವಷ್ಟು ಬಿಗಿಯಾಗಿ.

"ಹನ್ನೊಂದು ಜನ ಇದ್ರಂತೆ," ಎಂದಳು ಹಲ್ಲಿನ ಸಂದಿಯಲ್ಲಿ. "ಅಷ್ಟರಲ್ಲಿ ನಿನಗೆ ಇವನೇ ಬೇಕಾಗಿತ್ತಾ?"

ಐದಕ್ಕೆ ಸರಿಯಾಗಿ ಲೌಟೋಕಾದ ಕಾರು ಬಂತು. ಹುಡುಗನ ಹೆಸರು ಅವಿನೇಶ್, ಜೊತೆಗೆ ಅವನ ಚಿಕ್ಕಪ್ಪ. ಹುಡುಗಿಯ ಅಣ್ಣನಾದ ಮೇಲೆ ಶಾಲ್ವಿನ್‌ಗೆ ಕೆಲಸ ಬಿತ್ತು. ಕುರ್ಚಿ ಹೊತ್ತ, ಚಾಪೆ ಹಾಸಿದ, ಯಂಗೋನಾ ಬೇರಿನ ಪುಡಿ ನೀರಿಗೆ ಕಲಸಿ ತೆಂಗಿನ ಚಿಪ್ಪಿನಲ್ಲಿ ಎದುರಾಳಿಗೆ ಮೊದಲ ಸರದಿ ಕುಡಿಸಿದ. ಅವಿನೇಶ್ ಕುಡಿದು ರೂಢಿಯಂತೆ ಮೂರು ಸಲ ಚಪ್ಪಾಳೆ ತಟ್ಟಿದ. ಒಂದೊಂದೂ ಶಾಲ್ವಿನ್‌ನ ಕೆನ್ನೆಗೆ ಬಿದ್ದಂತಿತ್ತು.

"ಬುಡ ಯಾವುದು ನಿಮ್ಮದು?" ಎಂದು ಮಾಸ್ಟರು ಶುರು ಮಾಡಿದರು.

"ಕಾಗದ ಗೀಗದ ಇಲ್ಲ ಮಾಸ್ಟರ್‌ಜೀ," ಎಂದ ಚಿಕ್ಕಪ್ಪ. "ಹುಡುಗನ ಮುತ್ತಜ್ಜ ಜೋಖನ್ ಅಂತ. ಬಲಗಿವಿ ಅರ್ಧ ಇರಲಿಲ್ಲವಂತೆ. ಅಷ್ಟೇ ಗೊತ್ತಿರೋದು."

ಶಾಲ್ವಿನ್‌ನ ಕೈಯಿಂದ ಚಿಪ್ಪು ಜಾರಿ ಬಟ್ಟಲಿಗೆ ಬಿತ್ತು. ಅವನು ಕುಣಿಯುವುದೊಂದು ಬಾಕಿ. "ಆಜೀ, ಈ ಕಾಗದ ಇವನದು. ನಮ್ಮೋನದು ಎಡಗಿವಿ, ನಾವು ಹುಟ್ಟಾ ನವುವಾದವರು, ಕಾಕಾನ ಕೇಳಿ. ನಿಮ್ಮ ಜಹಾಜಿ ಮನೆಯವನು ಇವನು, ನಾನಲ್ಲ. ನಾನು ಅಣ್ಣ ಅಲ್ಲ."

ಆಜಿ ಅವಿನೇಶನ ಮುಖವನ್ನೂ ಹಿಡಿದು, ಮೊದಲಿಂದ, ಅಷ್ಟೇ ಅತ್ತರು. ಕಾಜ್ಲೀನ್ ಎರಡನೇ ದಾರ ಕಟ್ಟಿದಳು. ಲೌಟೋಕಾದ ಚಿಕ್ಕಪ್ಪ ಹುಡುಗಿ ನೋಡಲು ಬಂದು ಅಣ್ಣನ ಮಗಳನ್ನು ಸಂಪಾದಿಸಿಕೊಂಡ.

ಶಾಲ್ವಿನ್ ತನ್ನ ಮಣಿಕಟ್ಟನ್ನು ಮುಂದೆ ಚಾಚಿದ. "ಇದನ್ನ ಬಿಚ್ಚಿ ಆಜೀ."

"ದೇವರ ಮುಂದಿನ ದಾರ ಮಗಾ. ಕಟ್ಟಿದ್ದು ಕಟ್ಟಿದ್ದೇ. ಇಬ್ರೂ ಇರ್ಲಿ, ಅವಳಿಗೆ ಅಣ್ಣಂದಿರೇ ಇಲ್ಲ."

"ಅಂದ್ರೆ ಬೆಳಿಗ್ಗೆಯಿಂದ ಇನ್ನೊಬ್ಬರ ಮುತ್ತಜ್ಜನ್ನ ನಿನ್ನೋನು ಅಂತ ಹೊತ್ಕೊಂಡು ತಿರುಗಿದ್ಯಾ?" ಎಂದರು ಮಾಸ್ಟರು, ಫೇಲಾದ ಹುಡುಗನ ಉತ್ತರಪತ್ರಿಕೆ ಹಿಡಿದವರ ದನಿಯಲ್ಲಿ. ಒಳಗೆ ಕಾಜ್ಲೀನಳ ಅಮ್ಮ ನಾಂದಿ ಎಂಬ ಊರಿನ ಇನ್ನೊಂದು ಗಂಡಿನ ಕಡೆಯವರಿಗೆ ಫೋನು ಹಚ್ಚಿದ್ದಳು. "ನಾಳೆನೇ ಬನ್ನಿ. ಇಲ್ಲ ಇಲ್ಲ, ಕಾಗದ ಏನೂ ತರೋದು ಬೇಡ. ದಯವಿಟ್ಟು ತರಬೇಡಿ."

ಹೊರಡುವಾಗ ಅವಿನೇಶ್ ಗೇಟಿನವರೆಗೂ ಬಂದು ಸಂಕೋಚದಿಂದ ನಿಂತ. "ಅಣ್ಣಾ, ಆ ಕಾಗದ ನನಗೆ ಕೊಡ್ತೀರಾ? ಮನೇಲಿ ಅವನದು ಅಂತ ಏನೂ ಇಲ್ಲ."

ಶಾಲ್ವಿನ್ ಚಟ್ನಿ ಮೆತ್ತಿದ ಆ ಹಾಳೆಯನ್ನು ಒಮ್ಮೆ ನೋಡಿ, ನಾಲ್ಕಾಗಿ ಮಡಿಸಿ ಕೊಟ್ಟ.

"ಉಳಿದ ಮೂವರನ್ನ ಸೋಮವಾರ ನೋಡೋಣ ಬಿಡು," ಎಂದರು ಬಿಸುನ್ ಕಾಕಾ ದಾರಿಯಲ್ಲಿ. ಬೆಳಿಗ್ಗೆ ಮನೆಯಿಂದ ಹೊರಟಾಗ ಶಾಲ್ವಿನ್‌ಗೆ ಐವರು ಮುತ್ತಜ್ಜಂದಿರಿದ್ದರು. ಈಗ ಒಬ್ಬನೂ ಇರಲಿಲ್ಲ. ಒಬ್ಬಳು ತಂಗಿ ಇದ್ದಳು, ಮತ್ತು ಲೌಟೋಕಾದಲ್ಲಿ ಒಬ್ಬ ತಮ್ಮ.